ಎಡಗಿವಿಯ ಹದಿನಾಲ್ಕು

ಜನವರಿ ೭, ಮಂಗಳವಾರ

ಈ ಡೈರಿ ಹೋದ ವರ್ಷದ್ದು. ಕುರಿಗಳ ಜಂತಿನ ಔಷಧ ಮಾರುವವನು ಅಪ್ಪನಿಗೆ ಕೊಟ್ಟದ್ದು. ಅಪ್ಪನಿಗೆ ಅಕ್ಷರ ಬರುವುದಿಲ್ಲ, ಹಾಗಾಗಿ ನನ್ನ ಪಾಲಿಗೆ ಬಂತು. ಪ್ರತಿ ಪುಟದಲ್ಲೂ ವಾರ ಹೊಡೆದುಹಾಕಿ ಬರೆಯಬೇಕು. ಇರಲಿ, ಈ ಮನೆಯಲ್ಲಿ ನನಗೆ ಹೊಸದೊಂದು ಬಂದದ್ದಾದರೂ ಯಾವಾಗ?

ಇವತ್ತು ಅಪ್ಪ ನನ್ನನ್ನು ಹುಮನಾಬಾದಿಗೆ ಕರೆದುಕೊಂಡು ಹೋದ. ಯಾಕೆಂದು ದಾರಿಯುದ್ದಕ್ಕೂ ಹೇಳಲಿಲ್ಲ. ನನಗೆ ಒಳಗೊಳಗೇ ಖುಷಿ, ಶೀತಲಳನ್ನು ನೋಡಿ ಬರಬಹುದಲ್ಲ ಎಂದು. ಶೀತಲ್ ನನ್ನ ಕಾಲೇಜಿನ ಗೆಳತಿ. ಊರ ಹೊರಗೆ ಎರಡು ಮಗ್ಗ ಇಟ್ಟುಕೊಂಡು ಉಣ್ಣೆಯ ಆಸನ, ಚೀಲ ಮಾಡುತ್ತಾಳೆ. ಯುಗಾದಿಗೆ ನಾನು ಅವಳ ಜೊತೆ ಸೇರುವುದು ಎಂದು ಇಬ್ಬರೂ ಗಟ್ಟಿ ಮಾಡಿಕೊಂಡಿದ್ದೇವೆ. ಅವಳ ಮಗ್ಗ, ನನ್ನ ಹದಿನಾಲ್ಕು ಕರಿ ಕುರಿಗಳ ಉಣ್ಣೆ. ಮಗ್ಗದ ಕೋಣೆಯ ಮೇಲೆ ಒಂದು ರೂಮಿದೆ, ಅದು ನನಗೆ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.

ಅಪ್ಪ ಹೋಗಿ ಕುಳಿತದ್ದು ಮಚ್ಚೇಂದ್ರ ವಕೀಲರ ಮುಂದೆ.

“ನನ್ನ ಎದೀದು ಈಗ ಭರೋಸಾ ಇಲ್ರಿ ವಕೀಲ್ ಸಾಬ್. ಅನೀಲ ಊರಾಗ ಹಿಂಡು ನೋಡ್ತಾನ, ಧರ್ಮೇಂದ್ರ ಇಲ್ಲಿ ಹುಮನಾಬಾದದಾಗ ಕುರಿ ಮಾರ್ತಾನ. ಎರಡು ವರ್ಷಾತು, ಅಣ್ಣ ತಮ್ಮ ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ. ನಾ ಕಣ್ಣು ಮುಚ್ಚಿದ ಮರುದಿನಾನೇ ಧಂದೆ ಎರಡು ತುಂಡು ಆಗ್ತದ. ಹಾವೂ ಸಾಯಬೇಕು, ಕೋಲೂ ಮುರೀಬಾರದು, ಹಂಗ ಒಂದು ಕಾಗದ ಮಾಡಿ ಕೊಡ್ರಿ.”

ವಕೀಲರು ಬೆರಳು ಮಡಚಿ ಎಣಿಸಿದರು. “ಟ್ರಸ್ಟ್ ಮಾಡ್ರಿ. ಕೊಡಾಂವ ಬೇಕು, ಅದು ನೀವು. ಯಾರ ಸಲುವಾಗಿ ಅಂಬೋದು ಬೇಕು, ಮೊಮ್ಮಕ್ಕಳ ಹೆಸರು ಹಾಕೋಣ. ಏನು ಕೊಡ್ತೀರಿ, ಯಾಕ ಕೊಡ್ತೀರಿ, ಅದೂ ಸಾಫ್ ಬರೀಬೇಕು. ಕುರಿ ಶೆಡ್ಡಿನ ಜಾಗ ಸೇರಿಸ್ತೀರಿ ಅಂದ್ರ ರಿಜಿಸ್ಟ್ರಿ ಆಗಲೇಬೇಕು. ಇನ್ನ ಉಳಿದಿದ್ದು ನಡೆಸಾಂವ, ಟ್ರಸ್ಟಿ. ಅದು ಯಾರು?”

“ಇಕಿ,” ಅಂದ ಅಪ್ಪ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಸಂತೆಯಲ್ಲಿ ಕುರಿ ತೋರಿಸುವ ಹಾಗೆ ಗದ್ದ ಅಲ್ಲಾಡಿಸಿದ.

ಶೀತಲಳ ಕಡೆ ಹೋಗಲು ಹೊತ್ತೂ ಸಿಗಲಿಲ್ಲ.

ಜನವರಿ ೧೨, ಭಾನುವಾರ

ಮನೆಯಲ್ಲಿ ಈಗ ನಾನು ದೇವರು. ಅನೀಲಣ್ಣನ ಹೆಂಡತಿ, ನಮ್ಮ ವೈನಿ, ಬಿಸಿ ರೊಟ್ಟಿಯ ಮೇಲೆ ತುಪ್ಪ ಹಾಕಿ ಕೊಡುತ್ತಾಳೆ. ಅನೀಲಣ್ಣ, “ನಮ್ಮ ಸಾಕ್ಷಿ ಬರೋಬರಿ ನೋಡ್ತಾಳ” ಎಂದು ನನ್ನ ಹೆಸರನ್ನು ಪಕ್ಕದ ನಾರಾಯಣಪುರದ ತನಕ ಸಾರಿ ಬಂದಿದ್ದಾನೆ. ಮಾತೇ ಆಡದ ಧರ್ಮೇಂದ್ರನೂ ಫೋನು ಮಾಡಿ, “ಅಕ್ಕಾ, ನೀ ಇದ್ರ ನಂಗ ಫಿಕರ್ ಇಲ್ಲ” ಎಂದ. ಎರಡು ವರ್ಷದಲ್ಲಿ ಇಬ್ಬರೂ ಒಪ್ಪಿದ ಒಂದೇ ವಿಷಯವೆಂದರೆ ನನ್ನ ಕುತ್ತಿಗೆ. ಹೊಗಳಿಕೆ ಶುರುವಾಯಿತೆಂದರೆ ಕೆಲಸ ಬಂತೆಂದೇ ಲೆಕ್ಕ, ಇದು ನನಗೆ ಮೂವತ್ಮೂರು ವರ್ಷದ ಅನುಭವ. ಎರಡು ಸಲ ನಿಶ್ಚಯವಾಗಿ ಮುರಿದ ಮೇಲೆ ನನ್ನ ಮದುವೆಯ ಮಾತನ್ನು ಯಾರೂ ಎತ್ತುವುದಿಲ್ಲ. ಮನೆಗೆ ಅದೂ ಅನುಕೂಲವೇ ಆಯಿತು.

ಆಯಿ ಮಾತ್ರ ಹೊಗಳಲಿಲ್ಲ. ಸಖುಬಾಯಿ ಅಂದರೆ ಅಪ್ಪನ ತಾಯಿ, ಎಂಬತ್ತು ದಾಟಿದೆ. ನನ್ನ ಹದಿನಾಲ್ಕು ಕುರಿಗಳ ಮೂಲ ಅವಳೇ. ನನಗೆ ಹೆಸರಿಟ್ಟ ದಿನ ತನ್ನ ಪಾಲಿನ ಒಂದು ಕರಿ ಕುರಿಯನ್ನು ತೊಟ್ಟಿಲ ಮುಂದೆ ತಂದು ನಿಲ್ಲಿಸಿದಳಂತೆ. ಅದರ ಮರಿ, ಮರಿಯ ಮರಿ, ಹೀಗೆ ಹದಿನಾಲ್ಕು. ಹಿಂಡು ಒಂದೇ ಆದರೂ ಗುರುತು ಬೇರೆ. ಅಪ್ಪನವಕ್ಕೆ ಬಲಗಿವಿಯಲ್ಲಿ ಒಂದು ಕಚ್ಚು, ನನ್ನವಕ್ಕೆ ಎಡಗಿವಿಯಲ್ಲಿ. ನಮ್ಮಲ್ಲಿ ಯಾರ ಕುರಿಯೋ ಅವರೇ ಕಿವಿ ಕೊಯ್ಯಬೇಕು. ನಾನು ಚಿಕ್ಕವಳಿದ್ದಾಗ ಆಯಿ ನನ್ನ ಕೈಗೆ ಚೂರಿ ಕೊಟ್ಟು, ಮೇಲೆ ತನ್ನ ಕೈ ಹಿಡಿದು ಕೊಯ್ಯಿಸುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

“ಒಪ್ಪಿಗಿ ಅದ ಏನ ನಿಂದು?” ಎಂದು ಆಯಿ ಕೇಳಿದಳು. ಅಪ್ಪ ಹತ್ತಿರದಲ್ಲೇ ಕುಳಿತಿದ್ದ. ನಾನು ತಾಟು ಎತ್ತಿಕೊಂಡು ತೊಳೆಯಲು ಹೋದೆ.

ಜನವರಿ ೨೧, ಮಂಗಳವಾರ

ಮತ್ತೆ ವಕೀಲರ ಹತ್ತಿರ. ಪತ್ರದ ಕರಡು ತಯಾರಾಗಿತ್ತು. ಓದಿ ಹೇಳುವವಳು ನಾನೇ. ನನ್ನನ್ನು ಕಟ್ಟುವ ಹಗ್ಗವನ್ನು ನಾನೇ ಹೊಸೆದು ಕೊಟ್ಟ ಹಾಗಾಯಿತು.

ಅಪ್ಪ ಹೊರಗೆ ಚಹಾಕ್ಕೆ ಹೋದಾಗ ಧೈರ್ಯ ಮಾಡಿ ಕೇಳಿದೆ. “ಟ್ರಸ್ಟಿ ಆದಾಕಿ ಮುಂದ ಬ್ಯಾಡ ಅನಬಹುದೇನ್ರಿ?”

ವಕೀಲರು ಕನ್ನಡಕ ತೆಗೆದರು. “ನೋಡವ್ವಾ, ಆಗೋಕಿಂತ ಮೊದಲು ಒಲ್ಲೆ ಅನ್ನಲಿಕ್ಕೆ ಯಾರಿಗರೆ ಹಕ್ಕದ. ಜಬರ್ದಸ್ತಿ ಯಾರೂ ಮಾಡಂಗಿಲ್ಲ. ಒಮ್ಮೆ ಹ್ಞೂಂ ಅಂದಿ ಅಂದ್ರ ಮುಗೀತು. ಬಿಡಬೇಕಂದ್ರ ಕೋರ್ಟು ಬಿಡು ಅನಬೇಕು. ಇಲ್ಲಾಂದ್ರ ಪತ್ರದಾಗೇ ಹಂಗ ಬರದಿರಬೇಕು, ನಿಮ್ಮಪ್ಪ ಅದು ಬ್ಯಾಡ ಅಂದಾರ. ಇಲ್ಲಾ ಯಾರ ಸಲುವಾಗಿ ಟ್ರಸ್ಟ್ ಅದನೋ ಅವರೆಲ್ಲಾ ಒಪ್ಪಬೇಕು, ಅವರು ಹದಿನೆಂಟು ತುಂಬಿದವರಿರಬೇಕು.”

ಮೊಮ್ಮಕ್ಕಳಲ್ಲಿ ಕಿರಿಯವಳು ಅನೀಲಣ್ಣನ ಸಪ್ನಾ. ಅವಳಿಗೆ ಮೂರು ವರ್ಷ. ನಿನ್ನೆ ನನ್ನ ಮಡಿಲಲ್ಲೇ ಉಚ್ಚೆ ಹೊಯ್ದಳು. ಆ ಪುಣ್ಯಾತ್ಗಿತ್ತಿ ಹದಿನೆಂಟು ತುಂಬಿ ನನ್ನನ್ನು ಬಿಡಲು ಒಪ್ಪುವ ಹೊತ್ತಿಗೆ ನನಗೆ ನಲವತ್ತೆಂಟು.

“ಸಂಬಳ?” ಅಂದೆ.

“ಬರೆದಿದ್ರ ಉಂಟು. ಬರೆದಿಲ್ಲ.”

ಅಪ್ಪ ಒಳಗೆ ಬಂದ. ವಕೀಲರು ಹಿಂಡಿನ ವಿವರ ಕೇಳಿದರು. ಇನ್ನೂರ ಮೂವತ್ತೆಂಟು ಅಂದ ಅಪ್ಪ. “ಕುರಿ ಸಾಯ್ತಾವ, ಹುಟ್ಟತಾವ. ನಾಳೆ ಯಾವನೋ ಬಂದು ಇದು ನಂದು ಅನಬಾರದು. ಟ್ರಸ್ಟಿನ ಮಾಲು ಯಾವುದು ಅಂತ ಗುರುತು ಸಾಫ್ ಇರಬೇಕು,” ಎಂದರು ವಕೀಲರು. ಅಪ್ಪ ಬಹಳ ಗಂಭೀರವಾಗಿ, “ಆತ್ರಿ, ಒಂದೇ ಗುರುತು ಮಾಡಿಸ್ತೀನಿ” ಎಂದ. ನನ್ನ ತಲೆಯಲ್ಲಿ ನಲವತ್ತೆಂಟು ಕುಣಿಯುತ್ತಿತ್ತು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜನವರಿ ೨೮, ಮಂಗಳವಾರ

ಬರೆಯುವುದಕ್ಕೇನಿದೆ? ಅದೇ ದೊಡ್ಡಿ, ಅದೇ ಹಿಕ್ಕೆ, ಅದೇ ಕಸಬರಿಗೆ. ಶೀತಲಳ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಫೆಬ್ರವರಿ ೩, ಸೋಮವಾರ

ಇವತ್ತು ರಾಜೇಶ್ವರದ ಅಲ್ಲಾಬಕ್ಷ ಚಾಚಾನ ಫೋನು. ಅಪ್ಪನ ಹಳೆಯ ದೋಸ್ತ, ಕುರಿ ವ್ಯಾಪಾರಿ. “ಬೇಟಾ, ಅನೀಲ ಹತ್ತು ಟಗರು ಕೊಡ್ತೀನಿ ಅನ್ನಾಕತ್ತಾನ. ನೀನೇ ಟ್ರಸ್ಟಿ ಅಂತ ಕೇಳೀನಿ. ಒಯ್ಯಲೇನು?”

“ಬ್ಯಾಡ್ರಿ ಚಾಚಾ, ಈಗ ಮಾರಿದ್ರ ಲುಕ್ಸಾನ. ಇನ್ನೂ ಮೈ ತುಂಬಿಲ್ಲ,” ಎಂದುಬಿಟ್ಟೆ. ಚಾಚಾ ಒಪ್ಪಿದ. ಅನೀಲಣ್ಣ ಅಂಗಳದಲ್ಲಿ ಬಂದು ಬಡಬಡಿಸಿದ, ಇನ್ನೂ ಸಹಿ ಆಗಿಲ್ಲ, ಆಗಲೇ ಮಾಲಕಿ ಆದಳು ಎಂದು.

ಸಂಜೆ ವಕೀಲರಿಗೆ ಬೇರೆ ಕೆಲಸಕ್ಕೆ ಫೋನು ಮಾಡಿದಾಗ ಹೇಳಿದೆ. ಅವರು ನಕ್ಕರು. “ಇನ್ನೂ ಪತ್ರ ಆಗಿಲ್ಲ, ಬಚಾವಾದಿ. ಆದ ಮ್ಯಾಲ ಇಂಥಾದೊಂದು ಮಾತೇ ಸಾಕು. ಒಪ್ಪಿಗಿ ಬಾಯಿಲೇ ಹೇಳಬೇಕಂತಿಲ್ಲ, ಮಾಡಿ ತೋರಿಸಿದ್ರೂ ಒಪ್ಪಿದಂಗೇ.”

ಅಯ್ಯೋ ಶಿವನೇ! ಹಾಗಾದರೆ ಬೆಳಿಗ್ಗೆ ಎದ್ದು ದೊಡ್ಡಿಯ ಬಾಗಿಲು ತೆಗೆದರೂ ಒಪ್ಪಿದ ಹಾಗೆಯೇ? ಹನ್ನೆರಡು ವರ್ಷದಿಂದ ತೆಗೆಯುತ್ತಿದ್ದೇನೆ. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ನನಗೆ ಅಳು ಬರುತ್ತಿದೆ, ಅಳುವುದಕ್ಕೆ ಒಂದು ಮೂಲೆಯೂ ಇಲ್ಲ ಈ ಮನೆಯಲ್ಲಿ.

ಫೆಬ್ರವರಿ ೯, ಭಾನುವಾರ

ರಾಜೇಶ್ವರದಲ್ಲಿ ವೈನಿಯ ಕಡೆಯ ಒಂದು ಸೀಮಂತ ಇತ್ತು. ಬೆಳಿಗ್ಗೆ ಹೋದವರು ನಾಲ್ಕು ಗಂಟೆಗೆ ಬಂದೆವು. ನಾನು ಸೀರೆ ಬದಲಿಸದೆ ಹಾಗೇ ದೊಡ್ಡಿಗೆ ಹೋದೆ. ನನ್ನ ಕರಿ ಕುರಿ ಕಾಡಿಗಿ ಗಬ್ಬವಾಗಿದ್ದಾಳೆ, ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ, ಅದನ್ನು ನೋಡಬೇಕಿತ್ತು.

ಕಾಡಿಗಿ ತಲೆ ಕೊಡವುತ್ತಿದ್ದಳು. ಕೊಡವಿದಾಗಲೆಲ್ಲ ಅರಿಶಿನ ಕಲೆಸಿದ ಎಣ್ಣೆ ನನ್ನ ಸೀರೆಗೆ ಸಿಡಿಯಿತು. ಬಲಗಿವಿಯಲ್ಲಿ ಹಸಿ ಕಚ್ಚು. ಪಕ್ಕದಲ್ಲಿ ಚುಕ್ಕಿ, ಅವಳಿಗೂ. ಒಂದೊಂದನ್ನೇ ಹಿಡಿದು ನೋಡಿದೆ. ಹದಿನಾಲ್ಕಕ್ಕೆ ಹದಿನಾಲ್ಕೂ. ಎಡಗಿವಿಯಲ್ಲಿ ನನ್ನ ಹಳೆಯ ಕಚ್ಚು, ಬಲಗಿವಿಯಲ್ಲಿ ಅಪ್ಪನ ಹೊಸ ಕಚ್ಚು.

ಅಪ್ಪ ಬಾವಿಯ ಹತ್ತಿರ ಚೂರಿ ತೊಳೆಯುತ್ತಿದ್ದ. ಮುಖದಲ್ಲಿ ಒಂದು ದೊಡ್ಡ ಕೆಲಸ ಮುಗಿಸಿದ ಸಮಾಧಾನ.

“ವಕೀಲ್ರು ಅಂದ್ರಲ್ಲವ್ವಾ, ಗುರುತು ಒಂದೇ ಇರಬೇಕು ಅಂತ. ಕಾಯದೆ ಕೇಳ್ತದ. ಈಗ ಇಡೀ ಹಿಂಡಿಗಿ ಬಲಗಿವೀನೇ ಆತು.”

“ಅವು ನನ್ನವು ಅಪ್ಪಾ.”

“ಹೌದಲ್ಲ. ನೀನೇ ಟ್ರಸ್ಟಿ ಅಲ್ಲ? ಎಲ್ಲಾ ನಿನ್ನವೇ.”

ಅವನ ಮಾತಿನಲ್ಲಿ ಮೋಸವಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ. ಕದ್ದಿದ್ದರೆ ಕಳ್ಳ ಎನ್ನಬಹುದಿತ್ತು. ಎಷ್ಟು ಹಗುರ ಕೈಯಿಂದ ಕೊಯ್ದಿದ್ದಾನೆ, ಎಷ್ಟು ಮುತುವರ್ಜಿಯಿಂದ ಅರಿಶಿನ ಹಚ್ಚಿದ್ದಾನೆ! ಕೇಳುವುದೊಂದನ್ನು ಬಿಟ್ಟು ಎಲ್ಲ ಮಾಡಿದ್ದಾನೆ. ಕಿವಿಯ ಗಾಯ ಎಂಟು ದಿನಕ್ಕೆ ಮಾಯುತ್ತದೆ. ಕಚ್ಚು ಮಾತ್ರ ಕುರಿ ಸಾಯುವ ತನಕ ತುಂಬುವುದಿಲ್ಲ.

ಆಯಿಗೆ ಹೇಳಿದೆ. ಅವಳು ಕಾಡಿಗಿಯ ಎರಡೂ ಕಿವಿ ಸವರಿ ನೋಡಿದಳು. “ನಾ ಕೊಟ್ಟಿದ್ದಕ್ಕ ಅಂವ ಕೈ ಹಚ್ಚ್ಯಾನ,” ಎಂದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಫೆಬ್ರವರಿ ೧೦, ಸೋಮವಾರ

ಊಟ ಸೇರಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ವಕೀಲರಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದೆ. ತನ್ನದಲ್ಲದ ಮಾಲನ್ನು ಟ್ರಸ್ಟಿಗೆ ಬರೆದುಕೊಡಬಹುದೇ?

“ಆಗಂಗಿಲ್ಲ. ತನ್ನದಿದ್ರ ಮಾತ್ರ. ಯಾಕವ್ವಾ?”

“ಹೀಂಗೇ ಕೇಳಿದೆ.” ಇನ್ನೊಂದೂ ಕೇಳಿದೆ, ಟ್ರಸ್ಟಿ ಇಬ್ಬರಿದ್ದರೆ ಹೇಗೆ ಎಂದು. ಅವರು ಹೇಳಿದ್ದನ್ನು ಈ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಏನು ಪ್ರಯೋಜನ! ಇಪ್ಪತ್ತನೇ ತಾರೀಖು ರಿಜಿಸ್ಟ್ರಿ ನಿಗದಿಯಾಗಿದೆ. ನಾಲ್ಕು ಜನರ ಎದುರು ಅಪ್ಪನನ್ನು ಸುಳ್ಳುಗಾರನನ್ನಾಗಿ ಮಾಡಲಾ? ಮಾಡದಿದ್ದರೆ ಕುರಿಯೂ ಹೋಯಿತು, ಹುಮನಾಬಾದೂ ಹೋಯಿತು. ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ ೨೦, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ತಾಲೂಕು ಬಸವಕಲ್ಯಾಣದ ರಿಜಿಸ್ಟ್ರಿ ಆಫೀಸಿನ ಹೊರಗೆ ಬೇವಿನ ಮರದ ಕೆಳಗೆ ಒಂದು ಬೆಂಚು. ಒಂದು ತುದಿಗೆ ಅನೀಲಣ್ಣ, ಇನ್ನೊಂದು ತುದಿಗೆ ಧರ್ಮೇಂದ್ರ, ನಡುವೆ ಅಪ್ಪ. ಸಾಕ್ಷಿ ಹಾಕಲು ಅಲ್ಲಾಬಕ್ಷ ಚಾಚಾ ಮತ್ತು ನಮ್ಮ ಪಕ್ಕದ ಹೊಲದವರು. ನಮ್ಮ ಪಾಳಿ ಬರಲು ಇನ್ನೂ ಹೊತ್ತಿತ್ತು. “ಒಳಗ ಹೋಗೋಕಿಂತ ಮೊದಲು ಒಮ್ಮೆ ಅಪ್ಪಗ ಪೂರಾ ಓದಿ ಹೇಳವ್ವಾ,” ಎಂದರು ವಕೀಲರು.

ಓದಿದೆ. ಶೆಡ್ಡಿನ ಜಾಗ, ಅದರ ನಾಲ್ಕು ದಿಕ್ಕು. ಟೆಂಪೊ, ಅದರ ನಂಬರು. ಆಮೇಲೆ ಹಿಂಡು. “ಬಲಗಿವಿಯಲ್ಲಿ ಒಂದು ಕಚ್ಚು ಇರುವ, ಇನ್ನೂರ ಇಪ್ಪತ್ತನಾಲ್ಕು ಕುರಿಗಳು.”

“ಮೂವತ್ತೆಂಟು,” ಅಂದ ಅಪ್ಪ. ಅಕ್ಷರ ಬಾರದಿದ್ದರೇನು, ಹಿಂಡಿನ ಎಣಿಕೆಯಲ್ಲಿ ಅವನನ್ನು ಯಾರೂ ತಪ್ಪಿಸಲಾರರು.

“ಇಪ್ಪತ್ತನಾಲ್ಕು, ಅಪ್ಪಾ.”

“ಸರಿ ಓದು.”

“ಸರೀನೇ ಓದಾಕತ್ತೀನಿ. ಕಾಗದದಾಗ ಮೂವತ್ತೆಂಟು ಅದ, ಅದು ತಪ್ಪದ. ಹದಿನಾಲ್ಕು ನನ್ನವು. ನನ್ನವು ನೀ ಬರಕೊಡಾಕ ಬರಂಗಿಲ್ಲ. ಬೇಕಾದ್ರ ವಕೀಲ್ ಸಾಬರಿಗೆ ಕೇಳು.”

ಅನೀಲಣ್ಣ ಎದ್ದ. “ಮನ್ಯಾಗಿನ ಕುರ್ಯಾಗ ನಿಂದು ನಂದು ಅಂಬೋದು ಎಲ್ಲಿಂದ ಬಂತಬೇ?”

“ನಿಂದು ನಂದು ಇಲ್ಲಾಂದ್ರ ಎರಡು ವರ್ಷದಿಂದ ತಮ್ಮನ ಕೂಡ ಯಾಕ ಮಾತು ಬಿಟ್ಟೀದಿ? ಕೂಡು ಅಣ್ಣಾ, ನಾ ಅಪ್ಪನ ಕೂಡ ಮಾತಾಡಾಕತ್ತೀನಿ.”

ಅಲ್ಲಾಬಕ್ಷ ಚಾಚಾ ನಗು ಬಂದು ಕೆಮ್ಮಿದ. ಅನೀಲಣ್ಣ ಕುಳಿತ.

“ಮತ್ತ ಟ್ರಸ್ಟಿ ನಾ ಆಗಂಗಿಲ್ಲ,” ಅಂದೆ. “ನನ್ನ ಹೆಸರು ತಗದು ಇವರಿಬ್ಬರದೂ ಹಾಕು. ಇಬ್ಬರು ಟ್ರಸ್ಟಿ ಇದ್ರ ಇಬ್ಬರೂ ಕೂಡೇ ಸಹಿ ಮಾಡಬೇಕು, ಒಬ್ಬಾಂವನೇ ಒಂದು ಮರೀನೂ ಮಾರಾಕ ಬರಂಗಿಲ್ಲ. ಹೌದಲ್ರಿ?”

“ಹೌದು. ಕಾಯದೆ ಹಂಗೇ ಅದ,” ಎಂದರು ವಕೀಲರು.

“ನೋಡು ಅಪ್ಪಾ. ನಾ ಇದ್ರ ಇವರು ಸಾಯೋ ತನಕ ಮಾತಾಡಂಗಿಲ್ಲ, ನಡುವ ನಾ ಇರ್ತೀನಲ್ಲ. ನಾ ಇಲ್ಲಾಂದ್ರ ಮಾತಾಡಲೇಬೇಕು.”

ಅಪ್ಪ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದ. ಆಮೇಲೆ, “ನೀ ಎಲ್ಲರೆ ಹೊಂಟೀಯೇನು?” ಎಂದ.

“ಹುಮನಾಬಾದಿಗೆ. ಯುಗಾದಿಗೆ. ಶೀತಲನ ಕೂಡ ಮಗ್ಗ ನಡೆಸ್ತೀನಿ.”

“ನಂಗ ಮೊದಲ್ಯಾಕ ಹೇಳಿಲ್ಲ?”

“ನೀ ಕೇಳಿಲ್ಲ.”

ರಿಜಿಸ್ಟ್ರಿ ಆಗಲಿಲ್ಲ. ಎಲ್ಲರೂ ಅದೇ ಟೆಂಪೊದಲ್ಲಿ ವಾಪಸು ಬಂದೆವು. ನಾನು ಕಾಡಿಗಿಗೆ ಬೆಲ್ಲದ ನೀರು ಕುಡಿಸಿ ಬಂದು ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ ೮, ಶನಿವಾರ

ಹದಿನಾರು ದಿನವಾಯಿತು, ಅಪ್ಪ ನನ್ನ ಜೊತೆ ಮಾತಾಡಿಲ್ಲ. ಊಟಕ್ಕೆ ಕರೆಯಲು ಸಪ್ನಾಳನ್ನು ಕಳಿಸುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು. ಅವನ ಕೆಮ್ಮು ಕೇಳಿದಾಗಲೆಲ್ಲ ಇದು ನನ್ನಿಂದಲೇ ಹೆಚ್ಚಾಯಿತೇನೋ ಅನಿಸುತ್ತದೆ. ಬೆಳಿಗ್ಗೆ ಎದ್ದು ದೊಡ್ಡಿಯ ಬಾಗಿಲು ತೆಗೆಯುವುದು ನಾನೇ, ಕಸ ಹೊಡೆಯುವುದು ನಾನೇ. ಯುಗಾದಿಗೆ ಇನ್ನು ಇಪ್ಪತ್ತೆರಡು ದಿನ. ಕುರಿ ನನ್ನವೆಂದು ಹೇಳಿದ್ದಾಯಿತು, ಆದರೆ ಅಪ್ಪ ಹೀಗೆ ಬಾಗಿಲಲ್ಲಿ ಬೆನ್ನು ಮಾಡಿ ಕುಳಿತಿದ್ದರೆ ಯಾವ ಬಾಗಿಲಿಂದ ಅವನ್ನು ಹೊಡೆದುಕೊಂಡು ಹೋಗಲಿ? ಇನ್ನು ನಾಲ್ಕು ದಿನ ಇದೇ ನಡೆದರೆ, ಆಯಿತು ಬಿಡಪ್ಪಾ, ಎಲ್ಲಿ ಸಹಿ ಹಾಕಲಿ ಎಂದು ನಾನೇ ಕೇಳಿಬಿಡುತ್ತೇನೆ.

ಮಾರ್ಚ್ ೧೩, ಗುರುವಾರ

ಮಚ್ಚೇಂದ್ರ ವಕೀಲರ ಫೋನು. ಅಪ್ಪ ಮೊನ್ನೆ ಒಬ್ಬನೇ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿದ್ದನಂತೆ. ಕಾಗದ ತಿದ್ದಿಸಿದ್ದಾನಂತೆ. ಏನು ತಿದ್ದಿಸಿದ ಎಂದೆ. “ನೀ ಅಂದಂಗೇ,” ಎಂದರು.

ಅಪ್ಪ ಮನೆಯಲ್ಲಿ ಏನೂ ಹೇಳಲಿಲ್ಲ. ನಾನು ಒಳಗೆ ಹೋಗಿ ಹೊದಿಕೆ ಎಳೆದುಕೊಂಡು ಚೆನ್ನಾಗಿ ಅತ್ತೆ. ಮೂಲೆ ಹುಡುಕಲಿಲ್ಲ, ನಡುಮನೆಯಲ್ಲೇ ಅತ್ತೆ.

ಮಾರ್ಚ್ ೨೦, ಗುರುವಾರ

ರಿಜಿಸ್ಟ್ರಿ ಆಯಿತು. ಇನ್ನೂರ ಇಪ್ಪತ್ತನಾಲ್ಕು. ಅನೀಲಣ್ಣ ಮತ್ತು ಧರ್ಮೇಂದ್ರನನ್ನು ಪಕ್ಕ ಪಕ್ಕ ನಿಲ್ಲಿಸಬೇಕಾಯಿತು. ಪೆನ್ನು ಒಂದೇ ಇತ್ತು. ಅನೀಲಣ್ಣ ಸಹಿ ಮಾಡಿ ಪೆನ್ನು ಟೇಬಲ್ಲಿನ ಮೇಲೆ ಇಡಲು ಹೋದ. ಧರ್ಮೇಂದ್ರ ಕೈ ಚಾಚಿ, “ತಾ ಇಲ್ಲಿ” ಎಂದ. ಎರಡು ವರ್ಷದ ಮೇಲೆ ಆಡಿದ ಮಾತು ಎರಡೇ ಶಬ್ದ. ಹೊರಗೆ ಬಂದು ಆಗಲೇ ಟಗರು ಯಾವಾಗ ಮಾರುವುದೆಂದು ಜಗಳ ಶುರು ಮಾಡಿದರು. ಮಾಡಲಿ. ಬಾಯಿ ಬಿಟ್ಟು ಮಾಡುತ್ತಿದ್ದಾರಲ್ಲ.

ಅಪ್ಪ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಬೇವಿನ ಮರಕ್ಕೆ ಒರೆಸಿದ. ನನ್ನ ಜೊತೆ ಇನ್ನೂ ಮಾತಿಲ್ಲ.

ಮಾರ್ಚ್ ೨೯, ಶನಿವಾರ, ಅಮಾವಾಸ್ಯೆ

ನಾಳೆ ಯುಗಾದಿ. ಬೇವು-ಬೆಲ್ಲ ತಿಂದು ಹೊರಡುವುದು. ಟೆಂಪೊ ಬೇಕೆಂದು ಇಬ್ಬರು ಟ್ರಸ್ಟಿಗಳನ್ನೂ ಕೇಳಿದೆ, ಇಬ್ಬರೂ ಒಪ್ಪಿದರು. ಶೀತಲ್ ಮನೆಯ ಹಿಂದೆ ಬೇಲಿ ಕಟ್ಟಿಸಿ ಫೋಟೊ ಕಳಿಸಿದ್ದಾಳೆ. ಬೇಲಿ ಗಿಡ್ಡವಾಯಿತು, ಚುಕ್ಕಿ ಹಾರುತ್ತಾಳೆ, ಇನ್ನೊಂದು ಮೊಳ ಏರಿಸು ಎಂದು ಹೇಳಿದ್ದೇನೆ.

ಮಧ್ಯಾಹ್ನ ಕಾಡಿಗಿ ಈದಳು. ಒಂದೇ ಮರಿ, ಹೆಣ್ಣು, ಮೂತಿಯಿಂದ ಬಾಲದ ತನಕ ಕಪ್ಪು. ನಾನು ಹುಲ್ಲಿನಿಂದ ಅದರ ಮೈ ಒರೆಸುತ್ತಿದ್ದೆ. ಹಿಂದೆ ಕೆಮ್ಮು ಕೇಳಿಸಿತು. ಅಪ್ಪ. ಕೈಯಲ್ಲಿ ಚೂರಿ, ಇನ್ನೊಂದು ಕೈಯಲ್ಲಿ ಅರಿಶಿನ-ಎಣ್ಣೆಯ ಬಟ್ಟಲು. ಹೊತ್ತು ಮುಳುಗುವ ಮೊದಲೇ ಗುರುತು ಮಾಡುವುದು ನಮ್ಮ ರೂಢಿ.

ಅಪ್ಪ ಮಂಡಿಯೂರಿ ಕುಳಿತು ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಎರಡೂ ಕಿವಿಗಳನ್ನು ಹೆಬ್ಬೆರಳಿನಿಂದ ಸವರಿದ. ಎಷ್ಟೋ ಹೊತ್ತು ಹಾಗೇ ಸವರುತ್ತಿದ್ದ.

“ಯಾವ ಕಿವಿ, ಯವ್ವಾ?” ಎಂದು ಕೇಳಿದ.

“ಎಡಗಿವಿ,” ಅಂದೆ.

ಅಪ್ಪ ಚೂರಿಯನ್ನು ತಿರುಗಿಸಿ, ಹಿಡಿಕೆ ನನ್ನ ಕಡೆ ಮಾಡಿ ಕೊಟ್ಟ. ಮರಿ ಅಲುಗದಂತೆ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ನಾನು ಕಣ್ಣು ತೆರೆದೇ ಕೊಯ್ದೆ.